ಒಂದು ಗೇಣು ಸರಿದ ಸ್ಟೇಷನ್

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಶಿರಾಳಕೊಪ್ಪಕ್ಕೆ ಹೋಗಿದ್ದೆ. ಕಲ್ಯಾಣಮಂಟಪದ ಹಿಂಬದಿಯಲ್ಲಿ ಇಬ್ಬರು ಕಾದ ತಂತಿಯಿಂದ ಥರ್ಮಾಕೋಲ್ ಕೊಯ್ದು ವೇದಿಕೆಗೆ ನವಿಲು ಮಾಡುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ತಾಗಿತು. ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ರಸ್ತೆಗೆ ಬಂದುಬಿಟ್ಟೆ.

ನಾನು ಸುಲಭಕ್ಕೆ ಅಸಹ್ಯಪಡುವ ಹೆಂಗಸಲ್ಲ. ನನ್ನದು ಪಶು ಆಸ್ಪತ್ರೆಯ ಕೆಲಸ. ಹುಳ ಬಿದ್ದ ಗಾಯ, ಹೊಟ್ಟೆಯಲ್ಲೇ ಸತ್ತು ಕೊಳೆತ ಕರು, ಇಂಥವನ್ನೆಲ್ಲ ಮೊಣಕೈವರೆಗೆ ಕೈಹಾಕಿ ತೆಗೆದು, ಬಚ್ಚಲಲ್ಲಿ ಕೈ ತೊಳೆದುಕೊಂಡು, ಅದೇ ಮನೆಯವರು ಕೊಟ್ಟ ರೊಟ್ಟಿ ಪಲ್ಯ ತಿಂದು ಬಂದವಳು. ಆದರೆ ಶಿಕಾರಿಪುರದಲ್ಲಿ ಕಳೆದ ಆ ಒಂದು ವರ್ಷವನ್ನು ನೆನೆದರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ. ಅದರಲ್ಲಿ ಒಳ್ಳೆಯದೂ ಇತ್ತು. ಒಳ್ಳೆಯದು ಇದ್ದದ್ದರಿಂದಲೇ ಅಷ್ಟು ಹೇಸಿಗೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನನಗೆ ಅಲ್ಲಿಗೆ ವರ್ಗವಾಯಿತು. ನಾನು ತುಮಕೂರಿನ ಕಡೆಯವಳು, ಒಂಟಿ, ಸಾಮಾನು ಕಡಿಮೆ. ಚನ್ನಬಸಪ್ಪ ಎಂಬುವರ ಮನೆಯ ಮುಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ಮಂಡಿನೋವು ಶುರುವಾದ ಮೇಲೆ ಅಂಗಡಿಯನ್ನು ಅಳಿಯ ಉಮೇಶನಿಗೆ ಒಪ್ಪಿಸಿ ಮನೆಯಲ್ಲಿದ್ದರು. ಹೆಂಡತಿ ಗಿರಿಜಕ್ಕ ಮಾತು ಕಡಿಮೆಯ, ಕೆಲಸ ಹೆಚ್ಚಿನ ಹೆಂಗಸು. ನಾನು ಸಾಮಾನು ಇಳಿಸಿದ ದಿನವೇ ಚನ್ನಬಸಪ್ಪನವರು ಬಾಗಿಲಿಗೆ ಬಂದು ಕೇಳಿದರು.

"ಮೇಡಂ, ರೈಲು ನೋಡ್ತೀರೇನ್ರಿ?"

"ಶಿಕಾರಿಪುರದಲ್ಲಿ ರೈಲು ಎಲ್ಲಿದೆ ಯಜಮಾನ್ರೆ?"

"ಮ್ಯಾಲೈತಿ, ಬರ್ರಿ."

ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಪ್ಲೈವುಡ್ ಹಾಸಿ, ಅದರ ಮೇಲೆ ಅವರು ಇಡೀ ಸೀಮೆಯನ್ನು ಕಟ್ಟುತ್ತಿದ್ದರು. ಊರಿಗೆ ಬರಲಿದೆ ಎಂದು ಎಲ್ಲರೂ ಮಾತಾಡುವ ರೈಲು ದಾರಿ ಅಲ್ಲಿ ಆಗಲೇ ಬಂದಿತ್ತು. ಬೆರಳಗಲದ ಹಳಿ, ಅಂಗೈಯಲ್ಲಿ ಕೂರುವ ಎಂಜಿನ್ನು, ಅದರ ಹಿಂದೆ ನೀಲಿ ಬೋಗಿಗಳು. ಗುಡ್ಡಗಳು ಥರ್ಮಾಕೋಲಿನವು. ಮರಗಳು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬಿನವು. ಒಂದು ಮೂಲೆಯಲ್ಲಿ ಬಳ್ಳಿಗಾವಿಯ ಗುಡಿಯನ್ನು ಸ್ನಾನದ ಸೋಪಿನಲ್ಲಿ ಕೆತ್ತಿ ಕೂರಿಸಿದ್ದರು. ಸರ್ವೆಯವರು ನೆಟ್ಟ ಕಲ್ಲುಗಳ ಗುಂಟ ಮಂಡಿನೋವಿನಲ್ಲೇ ಟೇಪು ಹಿಡಿದು ನಡೆದು ಬಂದಿದ್ದರಂತೆ. ಯಾವ ಹಳ್ಳಕ್ಕೆ ಮೋರಿ, ಯಾವ ರಸ್ತೆಗೆ ಗೇಟು, ಎಲ್ಲವೂ ಅಲ್ಲಿತ್ತು.

"ಹಿಗ್ಗಿಸಿ ಕುಗ್ಗಿಸಿ ಇಟ್ಟೀನಿ, ಜಾಗ ಸಾಲಂಗಿಲ್ಲ ನೋಡ್ರಿ. ಆದ್ರ ಯಾವುದು ಎಲ್ಲಿ ಐತೋ ಅಲ್ಲೇ ಐತಿ. ಸುಳ್ಳು ಒಂದು ನೂಲೂ ಇಲ್ಲ," ಎಂದರು.

ಆ ಮಾತಿಗೆ ನಾನು ಸೋತೆ. ಸಂಜೆ ಆಸ್ಪತ್ರೆಯಿಂದ ಬಂದವಳು ಮೇಲೆ ಹೋಗಿ ಕೂರುವುದು ರೂಢಿಯಾಯಿತು. ಸೂಜಿ ಹಿಡಿದು ಅಭ್ಯಾಸವಿದ್ದ ನನ್ನ ಕೈಗೆ ಅವರು ಸಣ್ಣ ಕೆಲಸಗಳನ್ನು ಬಿಟ್ಟುಕೊಟ್ಟರು. ತಂತಿಗೆ ಬೆಸುಗೆ ಹಾಕುವುದು, ಚಿಮಟದಲ್ಲಿ ಹಿಡಿದು ಕಿಟಕಿ ಕೂರಿಸುವುದು. ಸ್ಟೇಷನ್ನಿನ ಕೆಂಪು ಹೆಂಚಿನ ಛಾವಣಿಯನ್ನು ರಟ್ಟಿನಲ್ಲಿ ಒಂದೊಂದೇ ಹೆಂಚು ಕತ್ತರಿಸಿ ಅಂಟಿಸಿದವಳು ನಾನೇ. ಹೊರಗೆ ಜಡಿಮಳೆ, ಒಳಗೆ ಕಾದ ತಂತಿಯ ಹೊಗೆ, ಅಂಟಿನ ಘಾಟು. ಗಿರಿಜಕ್ಕ ಚಹಾ ತಂದವರು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. "ಹಪ್ಪಳ ಒಣಗ್ಸಾಕ ಇದ್ದದ್ದು ಇದೊಂದು ಕೋಣಿ. ಇವ್ರ ರೈಲು ಹಾಯ್ದು ಹೋತು," ಎನ್ನುತ್ತಿದ್ದರು.

ಅಂಜನಾಪುರದ ಜಲಾಶಯಕ್ಕೆ ನೀರಿನ ಬದಲು ಪಾರದರ್ಶಕ ಅಂಟನ್ನು ಸುರಿದರು. ಅದು ಗಟ್ಟಿಯಾಗಲು ಬಿಟ್ಟಾಗ ಗೋಡೆಯ ಹಲ್ಲಿಯೊಂದು ಬಿದ್ದು ಅದರೊಳಗೇ ಸತ್ತಿತು. ಬೆಳಿಗ್ಗೆ ನೋಡಿದರೆ ಗಾಜಿನಂಥ ನೀರಿನಲ್ಲಿ ಕಾಲು ಚಾಚಿಕೊಂಡು, ಹೊಟ್ಟೆ ಬೆಳ್ಳಗೆ ಮಾಡಿಕೊಂಡು ಮಲಗಿದೆ. ನಾನು ಕೆತ್ತಿ ತೆಗೆಯೋಣ ಎಂದೆ.

"ಇರ್ಲಿ ಬಿಡ್ರಿ," ಎಂದರು ಚನ್ನಬಸಪ್ಪ. "ಮಂದಿ ಮೊಸಳಿ ಅಂದ್ಕೊಂತಾರ."

ಒಂದು ನೂಲು ಸುಳ್ಳಿಲ್ಲ ಎಂದ ಮನುಷ್ಯ ಹಲ್ಲಿಯನ್ನು ಮೊಸಳೆ ಮಾಡಿದ್ದು ನನಗೆ ಅವತ್ತು ತಮಾಷೆಯಾಗಿ ಕಂಡಿತು.

ಪಕ್ಕದ ತಾಲೂಕು ಸೊರಬದ ಕಥೆ ಬೇರೆ. ಆಷಾಢದಲ್ಲಿ ಅಲ್ಲಿನ ಲಸಿಕೆ ಕ್ಯಾಂಪಿಗೆ ನನ್ನನ್ನು ಹಾಕಿದ್ದರು. ದನಗಳಿಗೆ ಸೂಜಿ ಹಾಕಿ ಬಸ್ ನಿಲ್ದಾಣದ ಕಡೆ ನಡೆಯುವಾಗ, ಮುಚ್ಚಿಹೋದ ಅಕ್ಕಿ ಗಿರಣಿಯ ಒಳಗಿಂದ ನಾನೆಂದೂ ಕೇಳಿರದ ಬಡಿತ ಬಂತು. ಡೊಳ್ಳಲ್ಲ, ತಮಟೆಯಲ್ಲ. ಇಣುಕಿದೆ. ಎಂಟು ಹತ್ತು ಜನ ಹೆಂಗಸರು ಸೊಂಟಕ್ಕೆ ಡ್ರಮ್ಮು ಕಟ್ಟಿಕೊಂಡು ನಿಂತಿದ್ದರು. ನಡುವೆ ಬಾಯಲ್ಲಿ ಸೀಟಿ ಕಚ್ಚಿದ ಗಟ್ಟಿಮುಟ್ಟಾದ ಹೆಂಗಸು. ಹೆಸರು ಸುಮಿತ್ರ, ಪ್ರೌಢಶಾಲೆಯಲ್ಲಿ ಆಟ ಕಲಿಸುವ ಟೀಚರು. ಮೊದಲು ಕೆಲವು ವರ್ಷ ಗೋವಾದಲ್ಲಿದ್ದಾಗ ಬ್ರೆಜಿಲಿನ ಹೆಂಗಸೊಬ್ಬಳು ಸಮುದ್ರದ ದಂಡೆಯಲ್ಲಿ ಇವರಿಗೆ ಸಾಂಬಾ ಕಲಿಸಿದ್ದಳಂತೆ. ಸಾಂಬಾ ಎಂದರೆ ಅವರ ಕಡೆ ಬೀದಿಯಲ್ಲಿ ಕುಣಿಯುತ್ತಾ ಬಾರಿಸುವ ಮೇಳ.

"ಎಂತಕೆ ಬಾಗಿಲಲ್ಲೇ ನಿಂತಿದೀರಿ? ಒಳಗೆ ಬನ್ನಿ. ದೊಡ್ಡ ಡ್ರಮ್ಮಿಗೆ ಕೈ ಗಟ್ಟಿ ಇರೋರು ಯಾರೂ ಸಿಕ್ಕಿಲ್ಲ," ಎಂದರು ಸುಮಿತ್ರ.

ಎಮ್ಮೆಯ ಕಾಲು ಹಿಡಿದು ಗಟ್ಟಿಯಾದ ಕೈ ನನ್ನದು. ಮುಂದಿನ ಭಾನುವಾರದಿಂದ ಶಿಕಾರಿಪುರದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಸೊರಬಕ್ಕೆ ಹೋಗತೊಡಗಿದೆ.

ಗೋವಾದಿಂದ ತಂದ ನಿಜವಾದ ವಾದ್ಯಗಳು ಎರಡೇ ಇದ್ದವು. ಮಿಕ್ಕದ್ದೆಲ್ಲ ನಾವೇ ಮಾಡಿಕೊಂಡದ್ದು. ಜೋಡಿ ಗಂಟೆಗೆ ಶಿರಾಳಕೊಪ್ಪದ ಸಂತೆಯ ದನದ ಗಂಟೆ. ದೊಡ್ಡ ಡ್ರಮ್ಮಿಗೆ ನೀಲಿ ಪ್ಲಾಸ್ಟಿಕ್ ಪೀಪಾಯಿ. ಆ ಪೀಪಾಯಿ ಮೊದಲು ಘಟ್ಟದ ಕೆಳಗಿನಿಂದ ಮೀನು ಹೊತ್ತು ತಂದದ್ದು. ಎಷ್ಟು ಸಲ ತೊಳೆದರೂ ಹೋಗದ ಹಳಸು ವಾಸನೆ, ಬಾರಿಸಿದಾಗೆಲ್ಲ ಒಳಗಿನ ಗಾಳಿ ಉಸಿರಿನಂತೆ ನನ್ನ ಮುಖಕ್ಕೇ ಬರುತ್ತಿತ್ತು. ಗಿರಣಿಯಲ್ಲಿ ಹಳೆಯ ತೌಡಿನ ಮುಗ್ಗು, ಇಲಿ ಹಿಕ್ಕೆ. ಆ ವರ್ಷ ಶುಂಠಿಗೆ ಕೊಳೆರೋಗ ಬಿದ್ದು, ದಾರಿಯುದ್ದಕ್ಕೂ ಹೊಲದ ಬದಿಗೆ ಸುರಿದ ಶುಂಠಿ ನಾರುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಹಾಕಿದರೆ ಒದ್ದೆ ಬಟ್ಟೆಯ ಬೆವರು, ತೆಗೆದರೆ ಶುಂಠಿ.

ಆದರೂ ಹೋಗುತ್ತಿದ್ದೆ. ನನ್ನ ಡ್ರಮ್ಮಿನದು ಬಹಳ ಸರಳ ಕೆಲಸ, ಅದಕ್ಕೇ ಕಷ್ಟ. ನಮ್ಮ ಕೈ ಮೊದಲ ಪೆಟ್ಟನ್ನೇ ಜೋರಾಗಿ ಹಾಕಲು ಓಡುತ್ತದೆ. ಸಾಂಬಾದಲ್ಲಿ ಅದನ್ನು ಬಿಟ್ಟು ಎರಡನೆಯದನ್ನು ಜೋರಾಗಿ ಇಳಿಸಬೇಕು. ನಾನು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ. ಆಷಾಢ, ಶ್ರಾವಣ ಪೂರ್ತಿ ತಪ್ಪಿದೆ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಕೈ ತಾನಾಗಿ ಸರಿಯಾದ ಜಾಗದಲ್ಲಿ ಬಿತ್ತು. ಅದರ ಮೇಲೆ ಸೊರಬದ ಆಸ್ಪತ್ರೆಯ ನರ್ಸಮ್ಮ ಸೇರಿ ಉಳಿದವರೆಲ್ಲ ಹತ್ತಿ ಕುಳಿತರು. ಸುಮಿತ್ರ ಸೀಟಿ ಬಾಯಿಂದ ತೆಗೆದು, "ಹ್ಞಾಂ, ಇದೇ ಮಾರಾಯ್ತಿ, ಇದನ್ನ ಬಿಡಬೇಡ," ಎಂದರು. ಅವತ್ತಿಂದ ಬಹುವಚನ ಹೋಯಿತು.

ಮಳೆ ನಿಂತು ಜೋಳದ ಕಟಾವು ಶುರುವಾಯಿತು. ಊರ ರಸ್ತೆಗಳ ಮೇಲೆಲ್ಲ ಗೋವಿನಜೋಳ ಹರವಿದ್ದರು. ಗಾಳಿಯಲ್ಲಿ ಸಿಪ್ಪೆಯ ದೂಳು, ಮೈಯೆಲ್ಲ ನವೆ. ಆ ದಿನಗಳಲ್ಲಿ ಪಕ್ಕದ ಹಳ್ಳಿಯ ಹಾಲಪ್ಪ ಎಂಬುವನ ಎಮ್ಮೆಗೆ ನಾನು ಮೇಲಿಂದ ಮೇಲೆ ಹೋಗಬೇಕಾಯಿತು. ಗೊರಸಿನ ಸಂದಿಯಲ್ಲಿ ಕೀವು, ಕಾಲು ಊರಲಾಗದು. ಶಿರಾಳಕೊಪ್ಪದ ರಸ್ತೆಗೆ ತಾಗಿದ ಒಂದು ತಗ್ಗು ಗದ್ದೆಯಲ್ಲಿ ಅವನು ಅದನ್ನು ಮೇಯಲು ಬಿಡುತ್ತಿದ್ದ. ನೀರು ಇಂಗದ ಜಾಗ, ಬೇಸಿಗೆಯವರೆಗೂ ಕಪ್ಪು ರಾಡಿ. "ಇಲ್ಲಿ ಬಿಡಬೇಡ, ಇದು ಕಾಲು ಕೊಳೆಸೋ ಗದ್ದೆ," ಎಂದು ಹೇಳಿದೆ. ಹಾಲಪ್ಪ ಒಪ್ಪಿದ. ಮುದ್ದಾದ ಎಮ್ಮೆ ಅದು, ಹುಷಾರಾಯಿತು.

ಅದೇ ಗದ್ದೆಗೆ ಒಂದು ದಿನ ಟಿಪ್ಪರುಗಳು ಮಣ್ಣು ತಂದು ಸುರಿದವು. ಬಿಳಿ ಕಲ್ಲು ನೆಟ್ಟರು, ರಸ್ತೆಯ ಬದಿಗೆ ಕಮಾನು ಎದ್ದಿತು. ಚನ್ನಬಸಪ್ಪನವರ ಅಳಿಯ ಉಮೇಶ ಮತ್ತವನ ಪಾಲುದಾರರ ಲೇಔಟು. ಉಮೇಶ ಸೌಮ್ಯ ಮಾತಿನ ಮನುಷ್ಯ. ಯಾವಾಗಲೂ ಏಲಕ್ಕಿ ಜಗಿಯುತ್ತಿದ್ದ, ಹತ್ತಿರ ಬಂದರೆ ಘಮಘಮ. ಯಾರದೋ ಫೋನಿನಲ್ಲಿ ನಮ್ಮ ಗಿರಣಿಯ ವಿಡಿಯೋ ನೋಡಿ, ಲೇಔಟಿನ ಉದ್ಘಾಟನೆಗೆ ನಮ್ಮ ತಂಡವೇ ಬೇಕು ಎಂದು ಸೊರಬದವರೆಗೂ ಹೋಗಿ ಸುಮಿತ್ರಳನ್ನು ಕೇಳಿಬಂದ.

ನಾನು ಹಿಂದೆಗೆದೆ. ಸುಮಿತ್ರ ಒಪ್ಪಲಿಲ್ಲ.

"ಮಳೆಗಾಲ ಪೂರ್ತಿ ಇಲಿಗಳ ಮುಂದೆ ಬಾರಿಸಿದ್ವಿ. ಒಂದ್ಸಲ ಮನುಷ್ಯರ ಮುಂದೆ ಬಾರಿಸೋದು ಬೇಡ್ವಾ? ನರ್ಸಮ್ಮ ರಜೆ ಹಾಕಿ ಬರ್ತಾಳಂತೆ. ನೀ ಒಬ್ಬಳು ಎಂತಕೆ ಎಳೀತೀಯ?"

ಜಾಗ ಸರಿಯಿಲ್ಲ ಎಂದೆ. "ನಾವೇನು ಅಲ್ಲಿ ಮನೆ ಕಟ್ತೀವಾ," ಎಂದಳು.

ಅಷ್ಟರಲ್ಲಿ ಚನ್ನಬಸಪ್ಪನವರ ಮಹಡಿಯಲ್ಲೂ ಏನೋ ನಡೆದಿತ್ತು. ಕೆಲವು ದಿನ ಸಂಜೆ ನಾನು ಹೋದರೆ, "ಇವತ್ತು ಬ್ಯಾಡ್ರಿ, ಬಣ್ಣ ಹಸಿ ಐತಿ," ಎಂದು ಬಾಗಿಲಲ್ಲೇ ಕಳಿಸಿದರು. ರೈಲಿನ ಹಲಗೆಯನ್ನು ಬಿಚ್ಚಿ, ಜನರಿಗೆ ತೋರಿಸಲು ಲೇಔಟಿನ ಉದ್ಘಾಟನೆಗೆ ಒಯ್ಯುತ್ತಾರೆ ಎಂದಷ್ಟೇ ಗಿರಿಜಕ್ಕನಿಂದ ತಿಳಿಯಿತು. ಪಾಪ, ಇಷ್ಟು ವರ್ಷದ ಕೆಲಸವನ್ನು ನಾಲ್ಕು ಜನ ನೋಡಲಿ ಎಂದುಕೊಂಡೆ.

ಉದ್ಘಾಟನೆಯ ಬೆಳಿಗ್ಗೆ ಹೊಸ ಮಣ್ಣಿನ ಮೇಲೆ ಕೆಂಪು ನೆಲಹಾಸು ಹಾಸಿದ್ದರು. ಹೆಜ್ಜೆ ಇಟ್ಟಲ್ಲೆಲ್ಲ ಅಡಿಯಿಂದ ನೀರು ಜಿನುಗಿ ಹಾಸು ಕಪ್ಪಾಗುತ್ತಿತ್ತು. ಶಾಮಿಯಾನದಡಿ ಮಿರ್ಚಿ ಕರಿಯುವ ಎಣ್ಣೆಯ ಹೊಗೆ. ವೇದಿಕೆಯ ಪಕ್ಕದಲ್ಲಿ ದೀಪಗಳ ಕೆಳಗೆ ರೈಲಿನ ಹಲಗೆ. ಜನ ಮುತ್ತಿಕೊಂಡು ಜಲಾಶಯದ ಮೊಸಳೆಯನ್ನು ಮಕ್ಕಳಿಗೆ ತೋರಿಸುತ್ತಿದ್ದರು. ನಾನು ಡ್ರಮ್ಮು ಇಳಿಸಿ ನೋಡಲು ಹೋದೆ.

ಸ್ಟೇಷನ್ನು ಅದರ ಜಾಗದಲ್ಲಿ ಇರಲಿಲ್ಲ. ನಾನು ಅಂಟಿಸಿದ ಕೆಂಪು ಹೆಂಚಿನ ಛಾವಣಿ ಒಂದು ಗೇಣು ಈಚೆಗೆ ಸರಿದು, ಹೊಸದಾಗಿ ಮಾಡಿದ ಪುಟ್ಟ ಕಮಾನಿನ ಬಗಲಿಗೆ ಬಂದು ಕೂತಿತ್ತು. ಲೇಔಟಿನ ಕಮಾನು. ಮೊದಲಿದ್ದ ಜಾಗದಲ್ಲಿ ಅಂಟಿನ ಕಲೆಯ ಮೇಲೆ ಹಸಿರು ಪುಡಿ ಉದುರಿಸಿದ್ದರು. ಆ ಹಲಗೆಯ ಮೇಲಿನ ಒಂದು ಗೇಣು ಎಂದರೆ ನಿಜದಲ್ಲಿ ಊರಾಚೆ ಎಷ್ಟೋ ದೂರ.

ಚನ್ನಬಸಪ್ಪನವರು ಪೇಟ ಸುತ್ತಿಕೊಂಡು, ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

"ಯಜಮಾನ್ರೆ, ಸ್ಟೇಷನ್ ಯಾಕೆ ಸರಿಸಿದ್ರಿ?"

ಅವರು ನನ್ನ ಮುಖ ನೋಡಲಿಲ್ಲ, ಹಾರದ ಎಸಳನ್ನು ಸರಿಮಾಡಿಕೊಂಡರು. "ಅಳಿಯಾರು ಕೇಳಿದ್ರು. ಒಂದು ಗೇಣು ಅಷ್ಟ."

"ಜನ ಇದನ್ನ ನೋಡಿ ಸೈಟು ತಗೋತಾರೆ."

"ಆಟದ ಸಾಮಾನು ಮೇಡಂ ಅದು. ಆಟದ ಸಾಮಾನಿನಾಗ ಖರೆ ಯಾವುದು, ಸುಳ್ಳು ಯಾವುದು?"

ಮೋಸ ನಾನು ಕಂಡಿಲ್ಲದ್ದೇನಲ್ಲ. ಹಾಲಿಗೆ ನೀರು ಹಾಕುವವರನ್ನು, ಬರಡು ಹಸುವನ್ನು ಗಬ್ಬ ಎಂದು ಮಾರುವವರನ್ನು ದಿನವೂ ನೋಡುತ್ತಿದ್ದೆ. ಇದು ಹಾಗಲ್ಲ. ಕಲ್ಲಿಂದ ಕಲ್ಲಿಗೆ ಕುಂಟುತ್ತಾ ಅಳೆದು ತಂದ ಮನುಷ್ಯ, ಅದೇ ಬಾಯಲ್ಲಿ, ಒಂದು ಹಾರಕ್ಕೆ, ತನ್ನ ಅಷ್ಟು ವರ್ಷವನ್ನೂ ಆಟದ ಸಾಮಾನು ಎಂದುಬಿಟ್ಟ.

ಸೀಟಿ ಕೇಳಿತು. ಸುಮಿತ್ರ ಕರೆಯುತ್ತಿದ್ದಳು. ಎಲ್ಲರೂ ಹಳದಿ ಸೀರೆಯಲ್ಲಿ ಸಾಲಾಗಿ ನಿಂತಿದ್ದರು, ನರ್ಸಮ್ಮನ ಮುಖದಲ್ಲಿ ಬೆವರು, ನಗು. ನಾನು ಪೀಪಾಯಿ ಕಟ್ಟಿಕೊಂಡೆ. ಶುರು ಚೆನ್ನಾಗಿಯೇ ಆಯಿತು. ಗಿರಣಿಯ ತಗಡಿನಡಿ ಕೇಳಿದ ಸದ್ದು ಬಯಲಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಅವತ್ತೇ ಗೊತ್ತಾದದ್ದು. ರಸ್ತೆಯಲ್ಲಿ ಬೈಕುಗಳು ನಿಂತವು. ಒಂದು ಕ್ಷಣ ಎಲ್ಲ ಮರೆತೆ.

ಆಗ ಉಮೇಶ ಮೈಕು ಹಿಡಿದ. "ಈಗ ನೋಡ್ರಿ, ನಮ್ಮೂರ ರೈಲು ಬರ್ತದ," ಎಂದು ಎಂಜಿನ್ನಿನ ಗುಂಡಿ ಒತ್ತಿದ. ಸುಮಿತ್ರಳಿಗೆ ಕೈಸನ್ನೆ ಮಾಡಿದ, ವೇಗ ಹೆಚ್ಚಿಸಿ ಎಂದು. ಅವಳು ಸೀಟಿ ಊದಿದಳು, ನಾವು ಏರಿಸಿದೆವು. ನನ್ನ ಪೆಟ್ಟಿಗೆ ಸರಿಯಾಗಿ ರೈಲು ಓಡುತ್ತಿರುವಂತೆ ಜನರಿಗೆ ಕಂಡಿರಬೇಕು, ಕೈತಟ್ಟತೊಡಗಿದರು. ರೈಲು ಜಲಾಶಯ ದಾಟಿ, ಗೇಟು ದಾಟಿ, ಕಮಾನಿನ ಬಗಲಲ್ಲಿ ನಿಂತಿತು. "ಮನಿ ಬಾಗಲಾಗ ಸ್ಟೇಷನ್," ಎಂದ ಉಮೇಶ. ಮುಂದಿನ ಸಾಲಿನಲ್ಲಿ ಹಾಲಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಬಾಯಿ ಬಿಟ್ಟುಕೊಂಡು ಕೂತಿದ್ದ.

ನನ್ನ ಕೈ ಮೇಲೆ ಹೋಯಿತು, ಕೆಳಗೆ ಬರಲಿಲ್ಲ.

ಬೇಕೆಂದೇ ನಿಲ್ಲಿಸಿದೆ. ಉಳಿದವರು ಸ್ವಲ್ಪ ದೂರ ತಡವರಿಸಿಕೊಂಡು ಹೋದರು, ಗಂಟೆಯವಳು ಎಲ್ಲರಿಗಿಂತ ಕೊನೆಗೆ ನಿಂತಳು. ಆ ಮೌನದಲ್ಲಿ ಎಲ್ಲರಿಗೂ ಕೇಳುವಂತೆ ನಾನು ಹಾಲಪ್ಪನಿಗೇ ಹೇಳಿದೆ.

"ಹಾಲಪ್ಪ, ಸ್ಟೇಷನ್ ಇಲ್ಲಿ ಬರಲ್ಲ. ಅದನ್ನ ಸರಿಸಿ ಇಟ್ಟಿದಾರೆ. ನಿನ್ನ ಎಮ್ಮೆ ಕಾಲು ಕೊಳೆತದ್ದು ಇದೇ ಗದ್ದೆಯಲ್ಲಿ."

ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಉಮೇಶನನ್ನು ಕೇಳಲಿಲ್ಲ. ಕೆಲವರು ನಕ್ಕರು. ಉಮೇಶ ಏಲಕ್ಕಿ ಜಗಿಯುತ್ತಾ, "ಮೇಡಂಗೆ ಬಿಸಿಲು ಹತ್ತೈತಿ, ನೀರು ಕೊಡ್ರಿ," ಎಂದ. ಹಾಲಪ್ಪ ಎದ್ದು ಬಂದು, ನನ್ನ ಡ್ರಮ್ಮಿನ ಮರೆಯಲ್ಲಿ ಬಗ್ಗಿ ಪಿಸುಗುಟ್ಟಿದ.

"ಸುಮ್ನಿರ್ರಿ ಮೇಡಮ್ಮಾರ. ನಮಗೆಲ್ಲ ಗೊತ್ತೈತ್ರಿ. ಇಲ್ಲೇ ದನ ಮೇಯಿಸ್ದೋರಿಗೆ ಗೊತ್ತಿರಂಗಿಲ್ಲೇನು? ನಾವೂ ಒಂದೊಂದು ಸೈಟಿಗೆ ಮುಂಗಡ ಕೊಟ್ಟೀವಿ. ಹೊರಗಿನ ಮಂದಿ ನಂಬಿದ್ರ ಸಾಕು. ಮುಂದಿನ ವರ್ಸ ಯಾರಿಗರ ದಾಟಿಸಿಬಿಡ್ತೀವಿ. ನೀವು ಹಿಂಗ ಅಂದ್ರ ನಮ್ದು ನಮ್ಮ ಕೊಳ್ಳಿಗೇ ಬೀಳ್ತೈತಿ."

ಯಾರನ್ನು ಕಾಪಾಡಲು ನಿಂತೆನೋ ಅವನೇ ನನ್ನನ್ನು ಬೇಡಿಕೊಳ್ಳುತ್ತಿದ್ದ. ಅವನ ಬಾಯಿಂದ ಮಿರ್ಚಿಯ ಎಣ್ಣೆ ವಾಸನೆ ಬರುತ್ತಿತ್ತು. ಸೊಂಟದ ಹಗ್ಗ ಬಿಚ್ಚಿ ಶಾಮಿಯಾನದ ಹಿಂದೆ ಹೋಗಿ ವಾಂತಿ ಮಾಡಿದೆ.

ಸೊರಬದವರನ್ನು ಬಸ್ಸು ಹತ್ತಿಸಲು ಹೋದಾಗ ಸುಮಿತ್ರ ನನ್ನ ಪಕ್ಕ ನಿಲ್ಲಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದಳು.

"ಸುಳ್ಳು ಅವರದ್ದು. ಬಾರಿಸಿದ್ದು ನಮ್ಮದು. ಅವರದ್ದನ್ನ ಬಿಟ್ಟು ನಮ್ಮದನ್ನ ಎಂತಕೆ ಕೆಡಿಸಿದೆ?"

"ನಮ್ಮದರ ಮೇಲೇ ಅವರದ್ದು ಓಡ್ತಿತ್ತು ಸುಮಿತ್ರ."

"ಮೊದಲೇ ಹೇಳಿದ್ರೆ ಯಾರೂ ನಿನ್ನ ಪೆಟ್ಟಿನ ಮೇಲೆ ಹತ್ತುತಾನೇ ಇರಲಿಲ್ಲ. ನಡುವೆ ಕೈಬಿಟ್ಟೆ ನೀನು. ನರ್ಸಮ್ಮ ಅಳ್ತಾ ಕೂತಿದಾಳೆ, ನೋಡು."

ಬಸ್ಸು ಹೋಯಿತು. ನಾನು ಮಾಡಿದ್ದು ಸರಿ ಎಂದು ಈಗಲೂ ಅಂದುಕೊಳ್ಳುತ್ತೇನೆ. ಆದರೆ ಆ ಬಸ್ಸಿನ ಕಿಟಕಿಯಲ್ಲಿ ಹಳದಿ ಸೀರೆಯ ತಲೆಗಳು ತಿರುಗಿ ನೋಡದೆ ಹೋದದ್ದು ಮರೆತಿಲ್ಲ.

ಸಂಜೆ ಟೆಂಪೋದಲ್ಲಿ ರೈಲಿನ ಹಲಗೆ ಮನೆಗೆ ಬಂತು. ಗಿರಿಜಕ್ಕ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅದು ಒಳಗ ಬರಂಗಿಲ್ಲ," ಎಂದರು ಗಂಡನಿಗೆ.

"ಏನಾತು ಈಗ ನಿನಗ?"

"ಇಷ್ಟು ವರ್ಷ ನನ್ನ ಕೋಣಿ ಹೋತು ಅಂತ ಗೊಣಗೀನಿ. ಆದ್ರ ಮಂದಿ ಮುಂದ, ನಮ್ಮನಿಯವ್ರು ಒಂದು ನೂಲು ತಪ್ಪಂಗಿಲ್ಲ ಅಂತಿದ್ದೆ. ಈಗ ಏನಂತ ಹೇಳ್ಲಿ? ಅಂಗಡಿ ಗೋಡೌನಿಗೆ ಒಯ್ರಿ."

ಚನ್ನಬಸಪ್ಪನವರು ಪೇಟವನ್ನು ತೆಗೆಯುವುದನ್ನೂ ಮರೆತು ಟೆಂಪೋದಲ್ಲೇ ಕೂತಿದ್ದರು. ಕೊನೆಗೆ ಡ್ರೈವರನೇ ಗಾಡಿ ತಿರುಗಿಸಿದ. ವಾರದೊಳಗೆ ಮಹಡಿಯ ಕೋಣೆ ತೊಳೆದು ಗಿರಿಜಕ್ಕ ಹಪ್ಪಳ ಹರವಿದರು. ಹಲಗೆ ಸಿಮೆಂಟು ಚೀಲಗಳ ನಡುವೆ ಉಳಿಯಿತು. ಸೋಪಿನ ಗುಡಿಯನ್ನು ಇಲಿ ತಿಂದಿತಂತೆ. ಬೇಸಿಗೆಯಲ್ಲಿ ಒಮ್ಮೆ ಯಜಮಾನರು ನನ್ನನ್ನು ತಡೆದು, "ಸ್ಟೇಷನ್ ಮೊದಲಿನ ಜಾಗಕ್ಕ ಹಚ್ಚೀನ್ರಿ. ಒಂದ್ಸಲ ಬಂದು ನೋಡ್ರಿ," ಎಂದರು. ಉಗುರುಗಳಲ್ಲಿ ಅಂಟು, ಕಣ್ಣಲ್ಲಿ ನೀರು. ನನಗೆ ಕರುಣೆ ಬರಬೇಕಿತ್ತು, ಬರಲಿಲ್ಲ. ಕೆಲಸವಿದೆ ಎಂದು ಸ್ಕೂಟರು ಹತ್ತಿದೆ.

ಸೊರಬಕ್ಕೆ ಒಂದು ತಿಂಗಳು ಬಿಟ್ಟು ಹೋದೆ. ಬಾಗಿಲಲ್ಲಿ ನಿಂತೆ, ಯಾರೂ ಕರೆಯಲಿಲ್ಲ. ನನ್ನ ಪೀಪಾಯಿ ನರ್ಸಮ್ಮನ ಸೊಂಟದಲ್ಲಿತ್ತು. ಸುಮಿತ್ರ ಬಾರಿಸುವುದು ಮುಗಿಯುವವರೆಗೆ ಕಾಯಿಸಿ, ಆಮೇಲೆ ಕಾಳು ತುಂಬಿದ ಒಂದು ಡಬ್ಬಿ ತಂದು ಕೈಗೆ ಕೊಟ್ಟಳು. ಅಲ್ಲಾಡಿಸುವುದು ಅಷ್ಟೇ, ನಿಲ್ಲಿಸಿದರೆ ಯಾರಿಗೂ ಗೊತ್ತಾಗದು. ವರ್ಗವಾಗುವವರೆಗೂ ಪ್ರತಿ ಭಾನುವಾರ ಅದನ್ನೇ ಅಲ್ಲಾಡಿಸಿದೆ. ಆ ವರ್ಷದಲ್ಲಿ ನನಗೆ ನ್ಯಾಯವಾಗಿ ಸಿಕ್ಕಿದ್ದು ಅದೊಂದೇ ಅನ್ನಿಸುತ್ತದೆ.

ಕಳೆದ ತಿಂಗಳು ಆ ಮದುವೆ ಮನೆಯಿಂದ ಹೊರಬಿದ್ದವಳು ಶಿಕಾರಿಪುರದ ಬಸ್ಸು ಹತ್ತಿ, ಆ ಕಮಾನಿನ ಹತ್ತಿರ ಯಾಕೆ ಇಳಿದೆನೋ ತಿಳಿಯದು. ಬಣ್ಣ ಹೋಗಿ ಕಬ್ಬಿಣ ತುಕ್ಕು ಹಿಡಿದಿತ್ತು. ಸುರಿದ ಮಣ್ಣು ಕುಸಿದು, ಬಿಳಿ ಕಲ್ಲುಗಳ ನಡುವೆ ಹಸಿರು ನೀರು ನಿಂತಿತ್ತು. ಸೊಳ್ಳೆಗಳ ಮೋಡ. ಒಂದು ಸೈಟಿಗೆ ಮಾತ್ರ ತಂತಿ ಬೇಲಿ ಹಾಕಿ, ಅಂಚಿನಲ್ಲಿ ದಾಸವಾಳ ನೆಟ್ಟಿದ್ದರು. ಕನ್ನಡಕ ಹಾಕಿದ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿಕೊಂಡು ಅಲ್ಲಿ ಕಳೆ ಕೀಳುತ್ತಿದ್ದರು. ಹಾವೇರಿ ಕಡೆಯ ಶಾಲೆಯ ಟೀಚರಂತೆ. ಹಾಲಪ್ಪ ಎಂಬುವನ ಕೈಯಿಂದ ತೆಗೆದುಕೊಂಡರಂತೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಒರೆಸಿಕೊಂಡು ಬೇಲಿಯ ಹತ್ತಿರ ಬಂದರು. ಬಹಳ ಸಂಭಾವಿತ ಮುಖ.

"ಸೈಟ್ ನೋಡಾಕ ಬಂದೀರೇನ್ರಿ? ತಗೊಳ್ರಿ, ಛಲೋ ಜಾಗ. ನಾವೂ ಕೊಡೋರೇ ಇದೀವಿ." ಆಮೇಲೆ ದನಿ ತಗ್ಗಿಸಿ, ದೂರದಲ್ಲಿ ಏನೂ ಇಲ್ಲದ ಬಯಲಿನ ಕಡೆ ಬೆರಳು ಮಾಡಿದರು. "ಸ್ಟೇಷನ್ ಅಲ್ಲೇ ಬರ್ತದ. ನಮಗ ಒಳಗಿನವ್ರಿಂದ ಗೊತ್ತಾಗೇತಿ."

ಬಾಯಿ ತುಂಬ ಎಂಜಲು ಬಂತು. ಉಗಿಯಲು ಒಂದು ಒಣಗಿದ ಜಾಗ ಹುಡುಕಿದೆ. ಎಲ್ಲೆಲ್ಲೂ ನೀರೇ ಇತ್ತು.